ಕಡತಗಳ ಏಕೀಕರಣ

ಬೀದರ ನಗರದ ಆಕಾಶದಲ್ಲಿ ಹಾರಾಡುವ ಹಾಕ್ ವಿಮಾನಗಳು ಆ ಸೀಮೆಯ ವಿದ್ಯಾರ್ಥಿಗಳಿಗೆ ಹೊಸವಲ್ಲ. ವಾಯುಪಡೆಯ ಎಳೆಯ ಪೈಲಟ್ಟರಿಗೆ ಜೆಟ್ ವಿಮಾನ ನಡೆಸುವ ಶಿಕ್ಷಣ ಕೊಡಲು ಅವನ್ನು ೨೦೦೮ರಲ್ಲಿ ಬೀದರದ ನೆಲೆಗೆ ತರಲಾಯಿತು. ೨೦೦೪ರ ಒಪ್ಪಂದದಂತೆ ಕೊಂಡ ೬೬ ವಿಮಾನಗಳಲ್ಲಿ ೨೪ ಇಂಗ್ಲೆಂಡಿನಿಂದ ಸಿದ್ಧವಾಗಿಯೇ ಬಂದವು. ಉಳಿದ ೪೨ ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಬೇಕೆಂದು ನಿಶ್ಚಯವಾಯಿತು.

ಹೀಗೆ ಕಟ್ಟಿದ ಪ್ರತಿಯೊಂದು ವಿಮಾನದೊಡನೆ ಕಣ್ಣಿಗೆ ಕಾಣದ ಇನ್ನೊಂದು ವಸ್ತುವೂ ಬೆಳೆಯುತ್ತ ಹೋಗುತ್ತದೆ. ಅದು ವಿಮಾನದ ಕಡತ. ವಿಮಾನದಲ್ಲಿ ಸಾವಿರಾರು ಬಿಡಿಭಾಗಗಳುಂಟು. ಒಂದೊಂದು ಭಾಗದ ನಕ್ಷೆ ಯಾವುದು, ಲೋಹ ಯಾವುದು, ಅದು ಎಂದು ತಯಾರಾಯಿತು, ಯಾರು ಪರೀಕ್ಷಿಸಿದರು, ಆಮೇಲೆ ಏನು ಬದಲಾಯಿತು ಎಂಬುದೆಲ್ಲ ಬರೆದಿಡಬೇಕಾದ ಸಂಗತಿಗಳೇ. ಒಂದು ವಿಮಾನದ ಯಾವುದೋ ಕೊಳವೆಯಲ್ಲಿ ಬಿರುಕು ಕಂಡಿತೆಂದು ಭಾವಿಸೋಣ. ಅದೇ ತಂಡದಲ್ಲಿ ತಯಾರಾದ ಇತರ ಕೊಳವೆಗಳು ಯಾವ ಯಾವ ವಿಮಾನಗಳಲ್ಲಿವೆ? ಕಡತ ಸರಿಯಾಗಿದ್ದರೆ ಆ ನಾಲ್ಕಾರು ವಿಮಾನಗಳನ್ನು ಮಾತ್ರ ನಿಲ್ಲಿಸಿ ನೋಡಬಹುದು. ಕಡತ ಕೆಟ್ಟಿದ್ದರೆ ಎಲ್ಲವನ್ನೂ ನಿಲ್ಲಿಸಬೇಕು. ಇಲ್ಲವೆ ಪೈಲಟ್ಟಿನ ಪ್ರಾಣವನ್ನು ಪಣಕ್ಕಿಡಬೇಕು.

ವಸ್ತುವಿನ ಜಾತಕ

ಇಂತಹ ಕಡತವನ್ನು ಗಣಕಯಂತ್ರದಲ್ಲಿಟ್ಟು ನಡೆಸುವ ವ್ಯವಸ್ಥೆಗೆ ಪ್ರಾಡಕ್ಟ್ ಲೈಫ್‌ಸೈಕಲ್ ಮ್ಯಾನೇಜ್‌ಮೆಂಟ್, ಎಂದರೆ ಉತ್ಪನ್ನದ ಜೀವನಚಕ್ರ ನಿರ್ವಹಣೆ, ಎಂದು ಹೆಸರು. ಕಾರ್ಖಾನೆಗಳಲ್ಲಿ ಚಿಕ್ಕದಾಗಿ ಪಿ.ಎಲ್.ಎಂ. ಎನ್ನುತ್ತಾರೆ. ಇದನ್ನು ವಸ್ತುವಿನ ಜಾತಕವೆನ್ನಬಹುದು. ಆದರೆ ಇಲ್ಲಿ ಮುಂದಾಗುವುದನ್ನಲ್ಲ, ಆಗಿಹೋದುದನ್ನು ಬರೆಯುತ್ತಾರೆ. ೧೯೮೫ರ ಸುಮಾರಿಗೆ ಅಮೆರಿಕನ್ ಮೋಟರ್ಸ್ ಎಂಬ ಕಾರು ಸಂಸ್ಥೆ, ದೊಡ್ಡ ಪ್ರತಿಸ್ಪರ್ಧಿಗಳ ಎದುರು ಬೇಗ ಬೇಗ ಹೊಸ ಮಾದರಿಗಳನ್ನು ತರಬೇಕಾಗಿ, ತನ್ನ ನಕ್ಷೆಗಳನ್ನೂ ಬದಲಾವಣೆಗಳನ್ನೂ ಒಂದೇ ಭಂಡಾರದಲ್ಲಿ ಕೂಡಿಸಿತು. ಈ ಪದ್ಧತಿಯ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುತ್ತಾರೆ.

ಈ ವ್ಯವಸ್ಥೆಗೆ ಮೂರು ಆಧಾರಗಳು. ಮೊದಲನೆಯದು ಭಾಗಸಂಖ್ಯೆ: ಒಂದು ಬೋಲ್ಟಿಗೂ ತನ್ನದೇ ಆದ ಸಂಖ್ಯೆ ಇರಬೇಕು. ಎರಡನೆಯದು ಭಾಗಪಟ್ಟಿ: ಯಾವ ಭಾಗ ಯಾವುದರೊಳಗೆ, ಎಷ್ಟು ಎಂಬ ವಂಶವೃಕ್ಷ. ಮೂರನೆಯದು ತಿದ್ದುಪಡಿಯ ಆದೇಶ: ಬೋಲ್ಟನ್ನು ಎರಡು ಮಿಲಿಮೀಟರು ಉದ್ದ ಮಾಡಿದರೆ, ಯಾರ ಒಪ್ಪಿಗೆಯಿಂದ, ಎಷ್ಟನೆಯ ವಿಮಾನದಿಂದ ಹಾಗೆ ಮಾಡಿದರು ಎಂಬ ದಾಖಲೆ. ವಿನ್ಯಾಸಕಾರ, ಯಂತ್ರ ನಡೆಸುವವ, ಉಗ್ರಾಣದವ, ರಿಪೇರಿ ಮಾಡುವವ ಎಲ್ಲರೂ ನೋಡುವುದು ಈ ಒಂದೇ ಕಡತವನ್ನು.

ಒಂದೇ ಕಡತ ಎಂದೆವು. ಆದರೆ ವ್ಯವಹಾರದಲ್ಲಿ ಅದು ಒಂದಾಗಿ ಉಳಿಯುವುದು ಅಪರೂಪ.

ಎರಡು ಬರುವುದು ಹೇಗೆ?

ಹಾಕ್ ವಿಮಾನವನ್ನು ರೂಪಿಸಿದುದು ಹಾಕರ್ ಸಿಡ್ಲಿ ಎಂಬ ಸಂಸ್ಥೆ. ಅದು ಮೊದಲು ಹಾರಿದುದು ೧೯೭೪ರಲ್ಲಿ. ೧೯೭೭ರಲ್ಲಿ ಆ ಸಂಸ್ಥೆಯ ವಿಮಾನ ವಿಭಾಗ ಬ್ರಿಟಿಷ್ ಏರೋಸ್ಪೇಸಿನಲ್ಲಿ ಸೇರಿತು. ೧೯೯೯ರಲ್ಲಿ ಅದೂ ಇನ್ನೊಂದರೊಡನೆ ಕೂಡಿ ಬಿ.ಎ.ಇ. ಸಿಸ್ಟಮ್ಸ್ ಆಯಿತು. ನಮ್ಮ ಹಿಂದೂಸ್ಥಾನ್ ಏರೋನಾಟಿಕ್ಸ್ ಕೂಡ ೧೯೬೪ರಲ್ಲಿ ಎರಡು ಸಂಸ್ಥೆಗಳು ಸೇರಿ ಆದುದೇ. ವಿಮಾನವೊಂದರ ಆಯುಷ್ಯ ಅದನ್ನು ಮಾಡಿದ ಸಂಸ್ಥೆಯ ಹೆಸರಿಗಿಂತ ದೀರ್ಘ. ಸಂಸ್ಥೆಗಳು ಕೂಡಿದಾಗಲೆಲ್ಲ ಎರಡು ಬಗೆಯ ಕಡತಗಳು ಒಂದೇ ಮನೆಗೆ ಬರುತ್ತವೆ.

ಕಡತ ನಡೆಸುವ ತಂತ್ರಾಂಶಗಳನ್ನು ಮಾರುವ ಸಂಸ್ಥೆಗಳೂ ಹೀಗೆಯೇ ಕೂಡುತ್ತವೆ. ಅಮೆರಿಕದಲ್ಲಿ ಯು.ಜಿ.ಎಸ್. ಎಂಬ ಸಂಸ್ಥೆಯದು ಐಮ್ಯಾನ್ ಎಂಬ ತಂತ್ರಾಂಶ, ಎಸ್.ಡಿ.ಆರ್.ಸಿ. ಸಂಸ್ಥೆಯದು ಮೆಟಾಫೇಸ್. ೨೦೦೧ರಲ್ಲಿ ಇ.ಡಿ.ಎಸ್. ಎಂಬ ಸಂಸ್ಥೆ ಇವೆರಡನ್ನೂ ಒಂದುಗೂಡಿಸಿತು. ಎರಡು ತಂತ್ರಾಂಶಗಳಿಗೂ ಟೀಮ್‌ಸೆಂಟರ್ ಎಂಬ ಒಂದೇ ಹೆಸರಾಯಿತು. ಹೆಸರು ಒಂದಾದರೂ ಒಳಗೆ ಅವು ಬೇರೆ ಬೇರೆಯಾಗಿಯೇ ಇದ್ದವು. ೨೦೦೭ರಲ್ಲಿ ಸೀಮೆನ್ಸ್ ಸಂಸ್ಥೆ ಇವನ್ನು ಕೊಂಡ ಸುಮಾರಿಗೆ ಒಳಗೂ ಒಂದೇ ಆದ ಟೀಮ್‌ಸೆಂಟರ್ ಹೊರಬಂದಿತು. ಹೆಸರು ಕೂಡಿಸಲು ಒಂದು ದಿನ ಸಾಕು. ಒಳಗನ್ನು ಕೂಡಿಸಲು ವರ್ಷಗಳೇ ಹಿಡಿದವು.

ಇದಕ್ಕೆ ಕಾರಣವೇನು? ಒಂದು ಕಡತದಲ್ಲಿ ಭಾಗಸಂಖ್ಯೆಯ ಮೊದಲ ಅಂಕೆಗಳು ಲೋಹವನ್ನು ಹೇಳುತ್ತವೆ. ಇನ್ನೊಂದರಲ್ಲಿ ಸಂಖ್ಯೆ ಬರಿಯ ಕ್ರಮಾಂಕ. ಒಂದರಲ್ಲಿ ‘ತೂಕ’ ಎಂದರೆ ಬಣ್ಣ ಬಳಿಯುವ ಮುಂಚಿನ ತೂಕ; ಇನ್ನೊಂದರಲ್ಲಿ ಬಣ್ಣ ಬಳಿದ ಮೇಲಿನದು. ‘ಬಿಡುಗಡೆಯಾದ ನಕ್ಷೆ’ ಎಂದರೆ ಒಂದು ಕಡೆ ತಯಾರಿಕೆಗೆ ಒಪ್ಪಿತವಾದುದು. ಇನ್ನೊಂದು ಕಡೆ ಎಲ್ಲರೂ ನೋಡಬಹುದಾದುದು ಮಾತ್ರ. ಅಕ್ಷರಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವುದು ಸುಲಭ. ಅರ್ಥವನ್ನು ಸಾಗಿಸುವುದು ಕಷ್ಟ.

ಭಾಲ್ಕಿ–ಔರಾದಿನ ಪಹಣಿ

ವಿಮಾನದ ಮಾತು ದೂರದ್ದೆನಿಸಿದರೆ ಹೊಲದ ಮಾತನ್ನು ನೋಡೋಣ. ಹೊಲಕ್ಕೂ ಜೀವನಚಕ್ರವುಂಟು: ತಂದೆಯಿಂದ ಮಕ್ಕಳಿಗೆ ಪಾಲಾಗುತ್ತದೆ, ಸಾಲಕ್ಕೆ ಅಡವಾಗುತ್ತದೆ, ಮಾರಾಟವಾಗುತ್ತದೆ. ಅದರ ಕಡತವೇ ಪಹಣಿ. ಖಾತೆ ಬದಲಾವಣೆಯೇ ತಿದ್ದುಪಡಿಯ ಆದೇಶ. ೧೯೫೬ರ ಏಕೀಕರಣದಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅದು ಹೈದರಾಬಾದು ಸಂಸ್ಥಾನದ ಆಡಳಿತದ ಪರಂಪರೆಯನ್ನು ಹೊತ್ತು ಬಂದಿತು. ಆ ಸಂಸ್ಥಾನದ ಆಡಳಿತಭಾಷೆ ಉರ್ದು. ನಾಡು ಒಂದಾದ ಮೇಲೆಯೂ ಪಹಣಿ ಹಳ್ಳಿ ಹಳ್ಳಿಯಲ್ಲಿ ಕೈಬರಹದಲ್ಲಿಯೇ ಉಳಿದಿತ್ತು. ಕರ್ನಾಟಕದಾದ್ಯಂತ ಸುಮಾರು ೯,೦೦೦ ಗ್ರಾಮಲೆಕ್ಕಿಗರು ಅದನ್ನು ಬರೆದು ಕಾಯುತ್ತಿದ್ದರು.

೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ೬೭ ಲಕ್ಷ ಭೂಮಾಲೀಕರ ಸುಮಾರು ೨ ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಆಗಿದ್ದ ೧೭೭ ತಾಲೂಕು ಕೇಂದ್ರಗಳಲ್ಲಿ ಪಹಣಿ ಕೊಡುವ ವ್ಯವಸ್ಥೆಯಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ರೈತನಿಗೆ ಇದರಿಂದ ಲಾಭವಾಯಿತು. ೧೫ ರೂಪಾಯಿ ಶುಲ್ಕಕ್ಕೆ ಪಹಣಿ ಕೈಗೆ ಬರತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕಾಯಿತು. ಕಷ್ಟವೂ ಇತ್ತು. ತನ್ನೂರಿನಲ್ಲಿಯೇ ಸಿಗುತ್ತಿದ್ದ ಕಾಗದಕ್ಕೆ ಭಾಲ್ಕಿಗೋ ಔರಾದಿಗೋ ಹೋಗಬೇಕಾಯಿತು. ಹೆಸರಿನ ಒಂದಕ್ಷರ ತಪ್ಪಾಗಿ ಏರಿದ್ದರೆ ತಹಸೀಲದಾರರ ಕಚೇರಿಗೆ ಅಲೆಯಬೇಕಾಯಿತು. ಕಾಲಕ್ರಮದಲ್ಲಿ ನಾಡಕಚೇರಿಗಳಲ್ಲಿಯೂ ಪಹಣಿ ಸಿಗುವಂತಾಗಿ ಆ ದೂರ ಕಡಮೆಯಾಯಿತು. ಗ್ರಾಮಲೆಕ್ಕಿಗನ ಕೈಯಿಂದ ಪುಸ್ತಕ ಹೋಯಿತು. ಅದರೊಡನೆ ಅದನ್ನು ಮುಚ್ಚಿಡುವ ಅಧಿಕಾರ ಹೋದುದು ಒಳ್ಳೆಯದೇ. ಆದರೆ ಯಾವ ಬದುವಿನ ಜಗಳ ಇನ್ನೂ ಮುಗಿದಿಲ್ಲ, ಒಂದೇ ಹೆಸರಿನ ಇಬ್ಬರಲ್ಲಿ ಯಾವ ಹೊಲ ಯಾರದು ಎಂಬ ಅವನ ತಿಳಿವಳಿಕೆಗೆ ಯಂತ್ರದಲ್ಲಿ ತುಂಬಬೇಕಾದ ಅಂಕಣವಿರಲಿಲ್ಲ.

ಗಿಡ್ಡವಾದ ತಂತಿ

ಹೊಲದ ಕಡತದಲ್ಲಿ ಕಂಡ ಈ ಸಂಕಟವೇ ವಿಮಾನದ ಕಡತದಲ್ಲಿ ಕಂಡರೆ ಏನಾದೀತು? ಯೂರೋಪಿನ ಏರ್‌ಬಸ್ ಸಂಸ್ಥೆಯ ಎ೩೮೦ ವಿಮಾನದ ಕಥೆ ಅದನ್ನು ತೋರಿಸುತ್ತದೆ. ನಾಲ್ಕು ದೇಶಗಳ ಕಾರ್ಖಾನೆಗಳು ೨೦೦೧ರಲ್ಲಿ ಒಂದೇ ಸಂಸ್ಥೆಯಾಗಿದ್ದವು; ಆದರೆ ಅವುಗಳ ಕಡತಗಳು ಒಂದಾಗಿರಲಿಲ್ಲ. ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿನ್ಯಾಸಕ್ಕೆ ಕ್ಯಾಟಿಯಾ ತಂತ್ರಾಂಶದ ನಾಲ್ಕನೆಯ ಆವೃತ್ತಿ, ಫ್ರಾನ್ಸಿನ ಟೂಲೂಸಿನಲ್ಲಿ ಐದನೆಯದು. ಹೆಸರು ಒಂದೇ, ಆದರೆ ಐದನೆಯದನ್ನು ಬುಡದಿಂದಲೇ ಹೊಸದಾಗಿ ಬರೆದಿದ್ದರು. ಒಂದರ ಬದಲಾವಣೆ ಇನ್ನೊಂದರಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ.

ಆ ವಿಮಾನದೊಳಗೆ ೫೦೦ ಕಿಲೋಮೀಟರಿಗೂ ಮೀರಿದ ವಿದ್ಯುತ್ ತಂತಿ ಇದೆ. ತೂಕ ಕಡಮೆಯಾಗಲೆಂದು ತಾಮ್ರದೊಡನೆ ಅಲ್ಯೂಮಿನಿಯಮ್ಮನ್ನೂ ಬಳಸಿದ್ದರು. ಅಲ್ಯೂಮಿನಿಯಂ ತಂತಿ ತಾಮ್ರದಷ್ಟು ಬಿಗಿಯಾಗಿ ಬಾಗದು. ತಿರುವಿನಲ್ಲಿ ಹೆಚ್ಚು ಜಾಗ, ಹೆಚ್ಚು ಉದ್ದ ಬೇಕು. ಹ್ಯಾಂಬರ್ಗಿನಿಂದ ಬಂದ ತಂತಿಯ ಕಟ್ಟುಗಳನ್ನು ಟೂಲೂಸಿನಲ್ಲಿ ಎಳೆದು ನೋಡಿದರೆ, ಅವು ಸೇರಬೇಕಾದ ಜಾಗಕ್ಕೆ ಮುಟ್ಟಲಿಲ್ಲ!

ಭಾರ ಯಾರ ಮೇಲೆ?

ಮೊದಲ ಪೆಟ್ಟು ನೌಕರರಿಗೆ. ನೂರಾರು ಜರ್ಮನ್ ಕೆಲಸಗಾರರು ಊರು ಬಿಟ್ಟು ಟೂಲೂಸಿಗೆ ಬಂದು ಕೈಯಿಂದಲೇ ತಂತಿ ಹೊಸೆಯಬೇಕಾಯಿತು. ೨೦೦೭ರ ಫೆಬ್ರವರಿಯಲ್ಲಿ ಸಂಸ್ಥೆ ೧೦,೦೦೦ ಉದ್ಯೋಗಗಳನ್ನು ಕಡಮೆ ಮಾಡುವುದಾಗಿ ಸಾರಿತು; ಅವುಗಳಲ್ಲಿ ಸುಮಾರು ಅರ್ಧ ತಾತ್ಕಾಲಿಕ ನೌಕರರವೂ ಗುತ್ತಿಗೆಯವರವೂ ಆಗಿದ್ದವು. ಡಾಲರಿನ ಬೆಲೆ ಇಳಿದುದೂ ಇದಕ್ಕೊಂದು ಕಾರಣವಾದರೂ ಎ೩೮೦ರ ವಿಳಂಬ ಮುಖ್ಯ ಕಾರಣವಾಗಿತ್ತು. ಗ್ರಾಹಕರ ಕಷ್ಟವೂ ಚಿಕ್ಕದಲ್ಲ. ವಿಮಾನ ಕೊಂಡ ಸಂಸ್ಥೆಗಳು ಸುಮಾರು ಎರಡು ವರ್ಷ ಕಾಯಬೇಕಾಯಿತು. ಮೊದಲ ವಿಮಾನ ಸಿಂಗಪೂರ್ ಏರ್‌ಲೈನ್ಸಿಗೆ ಸಂದುದು ೨೦೦೭ರ ಅಕ್ಟೋಬರಿನಲ್ಲಿ. ಫೆಡ್‌ಎಕ್ಸ್ ಸಂಸ್ಥೆ ೨೦೦೬ರಲ್ಲಿಯೇ ತನ್ನ ೧೦ ಸರಕುವಿಮಾನಗಳ ಬೇಡಿಕೆಯನ್ನು ಹಿಂತೆಗೆದುಕೊಂಡಿತು.

ಏರ್‌ಬಸ್ ಪಾಠ ಕಲಿಯಿತು. ಮುಂದಿನ ಎ೩೫೦ ವಿಮಾನಕ್ಕೆ ಎಲ್ಲ ದೇಶದವರೂ, ಭಾಗ ಒದಗಿಸುವ ಹೊರಗಿನ ಸಂಸ್ಥೆಗಳೂ, ಒಂದೇ ಗಣಕಮಾದರಿಯ ಮೇಲೆ ಕೆಲಸ ಮಾಡಿದರು. ಇದು ನಮಗೆ ಸಂಬಂಧಿಸದ ಮಾತಲ್ಲ. ಏರ್‌ಬಸ್ಸಿನ ಎಂಜಿನಿಯರಿಂಗ್ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಅದೇ ನಗರದ ಡೈನಮ್ಯಾಟಿಕ್ ಸಂಸ್ಥೆ ಎ೩೨೦ ವಿಮಾನದ ರೆಕ್ಕೆಗೆ ಬೇಕಾದ ಭಾಗಗಳನ್ನು ಮಾಡುತ್ತದೆ. ಇಂದು ಕಡತ ತಪ್ಪಿದರೆ ಅದರ ಫಲ ಸಾವಿರಾರು ಮೈಲಿ ದೂರದ ಕೆಲಸಗಾರನ ಮೇಜಿಗೂ ಬರುತ್ತದೆ.

ಹಾಗಾದರೆ ಏಕೀಕರಣವೇ ಬೇಡವೆ? ಅದು ಸರಿಯಲ್ಲ. ಎರಡು ಕಡತ ಇಟ್ಟುಕೊಂಡಿದ್ದರ ಫಲವನ್ನು ಗಿಡ್ಡ ತಂತಿ ತೋರಿಸಿದೆ. ಬಲ್ಲ ಸಂಸ್ಥೆಗಳು ಮಾಡುವ ಕ್ರಮ ಹೀಗೆ: ಮೊದಲು ಎರಡು ಕಡೆಯ ಪದಗಳ ಅರ್ಥವನ್ನು ಎದುರುಬದುರು ಬರೆದು ಹೊಂದಿಸುವರು. ಕೆಲವು ಭಾಗಗಳನ್ನು ಮಾತ್ರ ಸಾಗಿಸಿ ಪರೀಕ್ಷಿಸುವರು. ಕೆಲವು ಕಾಲ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸುವರು. ಆಮೇಲೂ ಹಳೆಯ ಕಡತವನ್ನು ಅಳಿಸದೆ, ಓದಲು ಮಾತ್ರ ಸಿಗುವಂತೆ ಉಳಿಸುವರು.

ಈ ಕ್ರಮದಲ್ಲಿ ಬಹುಮಟ್ಟಿಗೆ ಮರೆತುಹೋಗುವುದು ಒಂದುಂಟು. ಪದಗಳ ಅರ್ಥ ತಿಳಿದಿರುವುದು ತಂತ್ರಾಂಶವನ್ನು ಮಾರಿದವನಿಗಲ್ಲ. ಇಪ್ಪತ್ತು ವರ್ಷ ಆ ಕಡತವನ್ನು ತುಂಬಿದ ಗುಮಾಸ್ತನಿಗೆ, ಉಗ್ರಾಣದವನಿಗೆ, ಗ್ರಾಮಲೆಕ್ಕಿಗನಿಗೆ. ಹೊಸ ವ್ಯವಸ್ಥೆ ಬಂದಾಗ ಕೆಲಸ ಹೋದೀತೆಂಬ ಭಯವೂ ಮೊದಲು ಅವನಿಗೇ. ಭಯಪಟ್ಟವನು ತನ್ನ ತಿಳಿವಳಿಕೆಯನ್ನು ಬಿಚ್ಚಿ ಹೇಳುವನೆ? ಆದುದರಿಂದ ಅವನಿಗೆ ಅಭಯವನ್ನೂ ಹೊಸ ಶಿಕ್ಷಣವನ್ನೂ ಕೊಟ್ಟು ಮೊದಲ ಸಭೆಗೇ ಕರೆಯುವುದು ಬರಿಯ ದಯೆಯ ಮಾತಲ್ಲ. ಅದು ಎಂಜಿನಿಯರಿಂಗಿನ ಒಂದು ಭಾಗವೇ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಇಂತಹ ಕಡತಗಳನ್ನು ಕೂಡಿಸುವ ಕೆಲಸಕ್ಕೆ ಕೂರುವರು. ಯಂತ್ರದ ಮುಂದೆ ಕೂರುವ ಮೊದಲು ಅವರು ಹಳೆಯ ಪುಸ್ತಕ ಬರೆದವನ ಮುಂದೆ ಕೂತು ಕೇಳಲಿ.