ಟರ್ಕಿ ಕೋಳಿ ಒಳಗೆ ಬೆಂದಿದೆಯೇ? ಉಷ್ಣದ ಪಾಠಕ್ಕೊಂದು ಉದಾಹರಣೆ

ಏಳನೇ ತರಗತಿಯಲ್ಲಿ ಉಷ್ಣದ ಪಾಠವನ್ನು ಅವಲೋಕಿಸಲು ಹೋಗಿದ್ದೆ. ಪ್ರಶಿಕ್ಷಣಾರ್ಥಿ ಅಮೆರಿಕದ ಹಬ್ಬದಡುಗೆಯ ಚಿತ್ರಪಟ ತಂದಿದ್ದರು. ಓವನ್ನಿನಲ್ಲಿ ಇಡಿಯಾದ ಟರ್ಕಿ ಕೋಳಿ, ಅದರ ಸುತ್ತ ವಹನ, ಸಂವಹನ, ವಿಕಿರಣ ಎಂದು ಮೂರು ಬಾಣಗಳು. ಮಕ್ಕಳ ಗಮನವಂತೂ ಚಿತ್ರದ ಮೇಲೆ ನಿಂತಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಮಿಸ್, ಅಷ್ಟು ದಪ್ಪ ಇದೆ, ಒಳಗೆ ಹಸಿ ಉಳಿಯಲ್ವಾ?" ಎಂದು ಕೇಳಿದ. "ಉರಿ ಜಾಸ್ತಿ ಮಾಡಿದ್ರೆ ಬೇಯುತ್ತೆ" ಎಂದು ಹೇಳಿ ಅವರು ಮುಂದಿನ ಅಂಶಕ್ಕೆ ಹೋದರು. ಆ ಉತ್ತರ ತಪ್ಪು. ಅಡುಗೆಮನೆಯಲ್ಲಿ ಅದನ್ನು ನಂಬಿದರೆ ಕಾಯಿಲೆ ಬೀಳಬೇಕಾದೀತು. ಈ ಉದಾಹರಣೆಯನ್ನು ಬಳಸುವವರಿಗೆ ಬೇಕಾದ ವಿಷಯವನ್ನು ಇಲ್ಲಿ ವಿವರಿಸುತ್ತೇನೆ.

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆರೇಳು ಕಿಲೊ ತೂಗುವ ಹಕ್ಕಿಯನ್ನು ಅಂದು ಇಡಿಯಾಗಿ ಬೇಯಿಸುತ್ತಾರೆ. ಹಕ್ಕಿಯ ಮೂಲ ಅಮೆರಿಕ ಖಂಡವೇ. ಇಂಗ್ಲಿಷರು ಅದಕ್ಕೆ ಟರ್ಕಿ ದೇಶದ ಹೆಸರಿಟ್ಟರೆ, ಟರ್ಕಿಯವರು ಅದನ್ನು 'ಹಿಂದಿ', ಅಂದರೆ ಹಿಂದೂಸ್ತಾನದ್ದು ಎನ್ನುತ್ತಾರೆ. ಪೀಠಿಕೆಗೆ ಇದು ಚೆನ್ನಾಗಿ ಒದಗುತ್ತದೆ.

ಇನ್ನು ಹುಡುಗನ ಪ್ರಶ್ನೆ. ಓವನ್ನಿನ ಬಿಸಿಗಾಳಿಯೂ ಕಾದ ಗೋಡೆಗಳೂ ಉಷ್ಣವನ್ನು ಚರ್ಮದವರೆಗೆ ಮಾತ್ರ ತಲುಪಿಸುತ್ತವೆ. ಅಲ್ಲಿಂದ ಒಳಕ್ಕೆ ಅದು ಬಹುಮಟ್ಟಿಗೆ ವಹನದಿಂದಲೇ ಸಾಗಬೇಕು. ಮಾಂಸ ಉತ್ತಮ ಉಷ್ಣವಾಹಕವಲ್ಲ. ದಪ್ಪ ಎರಡರಷ್ಟಾದರೆ ನಡುವಿಗೆ ಉಷ್ಣ ತಲುಪಲು ಬೇಕಾದ ಸಮಯ ಸುಮಾರು ನಾಲ್ಕರಷ್ಟಾಗುತ್ತದೆ. ಉರಿ ಹೆಚ್ಚಿಸಿದರೆ ಹೊರಗೆ ಸೀಯುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಆದ್ದರಿಂದ ಓವನ್ನನ್ನು ಸುಮಾರು 163 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಗಂಟೆಗಟ್ಟಲೆ ಬೇಯಿಸುತ್ತಾರೆ. ಬಣ್ಣ ನೋಡಿ ಬೆಂದಿದೆ ಎಂದು ತೀರ್ಮಾನಿಸುವಂತಿಲ್ಲ. ಎದೆಯ ದಪ್ಪಭಾಗ, ತೊಡೆಯ ಒಳಭಾಗ, ರೆಕ್ಕೆಯ ಒಳಭಾಗ, ಈ ಮೂರು ಕಡೆಯೂ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಕಷ್ಟವೆಂದರೆ, ತೊಡೆ ಮೃದುವಾಗುವಷ್ಟು ಹೊತ್ತಿಗೆ ಎದೆ ಒಣಗಿ ನಾರಾಗಿರುತ್ತದೆ.

ಹೆಪ್ಪುಗಟ್ಟಿದ ಹಕ್ಕಿ ಕರಗುವುದೂ ಇಷ್ಟೇ ನಿಧಾನ. ಆರೇಳು ಕಿಲೊದ ಹಕ್ಕಿಗೆ ಫ್ರಿಜ್ಜಿನೊಳಗೆ ಮೂರು ನಾಲ್ಕು ದಿನ ಬೇಕು. ಅವಸರಪಟ್ಟು ಅಡುಗೆಕಟ್ಟೆಯ ಮೇಲಿಟ್ಟರೆ ಒಳಗೆ ಮಂಜು ಇರುವಾಗಲೇ ಹೊರಪದರದಲ್ಲಿ ಬ್ಯಾಕ್ಟೀರಿಯಾ ಬೆಳೆಯತೊಡಗುತ್ತವೆ.

ನನ್ನ ಮಟ್ಟಿಗೆ ಪಾಠದ ಸಾರವಿರುವುದು ಉಳಿದ ಅಡುಗೆಯಲ್ಲಿ. ನಿಧಾನವಾಗಿ ಕಾಯುವ ದಪ್ಪ ವಸ್ತು ನಿಧಾನವಾಗಿಯೇ ಆರುತ್ತದೆ. 4ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದರ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ; ದೊಡ್ಡ ಪಾತ್ರೆಯ ಗ್ರೇವಿ ಮೆಲ್ಲಗೆ ಆರುವಾಗ ಅವು ಚಿಗುರುತ್ತವೆ. ಅದಕ್ಕೇ ಓವನ್ನಿನಿಂದ ತೆಗೆದ ಎರಡು ಗಂಟೆಯೊಳಗೆ ಮಾಂಸವನ್ನು ಮೂಳೆಯಿಂದ ಬಿಡಿಸಿ, ಚಿಕ್ಕ ತುಂಡು ಮಾಡಿ, ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಫ್ರಿಜ್ಜಿಗಿಡಬೇಕು. ಮೂರು ನಾಲ್ಕು ದಿನದಲ್ಲಿ ಅದು ಸ್ಯಾಂಡ್‌ವಿಚ್, ಸೂಪು, ಕಡುಬಿನಂಥ ಪೈ ಆಗಿ ಮುಗಿಯುತ್ತದೆ. ಮೂಳೆಗಳನ್ನು ಕುದಿಸಿ ರಸ ತೆಗೆಯುತ್ತಾರೆ. ಮತ್ತೆ ಬಿಸಿ ಮಾಡುವಾಗಲೂ 74 ಡಿಗ್ರಿ ಮುಟ್ಟಲೇಬೇಕು. ಆದರೆ ಹೊತ್ತುಗಟ್ಟಲೆ ಹೊರಗೇ ಬಿಟ್ಟದ್ದನ್ನು ಕುದಿಸಿ ಸರಿಪಡಿಸಲಾಗದು. ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ರಾತ್ರಿಯೆಲ್ಲ ಪಾತ್ರೆಯಲ್ಲೇ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವ ನಮ್ಮ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಮಕ್ಕಳೇ ಇದನ್ನು ಎತ್ತುತ್ತಾರೆ, ನೋಡಿ.

ತರಗತಿಗೆ ಮಾಂಸ ತರುವ ಅಗತ್ಯವಿಲ್ಲ. ಒಂದು ದಪ್ಪ, ಒಂದು ಸಣ್ಣ ಆಲೂಗಡ್ಡೆಯನ್ನು ಒಟ್ಟಿಗೆ ಕುದಿಯುವ ನೀರಿಗೆ ಹಾಕಿ, ಹತ್ತು ನಿಮಿಷದ ನಂತರ ಅಡ್ಡಕ್ಕೆ ಕತ್ತರಿಸಿ ತೋರಿಸಿ. ದಪ್ಪದರಲ್ಲಿ ಬೆಂದ ಉಂಗುರ, ನಡುವೆ ಹಸಿ ತಿರುಳು ಕಾಣುತ್ತದೆ. ಆರುವುದನ್ನು ತೋರಿಸಲು ಒಂದೇ ಅಳತೆಯ ಬಿಸಿನೀರನ್ನು ಚೊಂಬಿಗೊಮ್ಮೆ, ಅಗಲ ತಟ್ಟೆಗೊಮ್ಮೆ ಸುರಿದು, ಐದೈದು ನಿಮಿಷಕ್ಕೆ ಮಕ್ಕಳಿಂದಲೇ ತಾಪ ಓದಿಸಿ ಕಪ್ಪುಹಲಗೆಯಲ್ಲಿ ಬರೆಸಿ. ಪಾಠಯೋಜನೆಯಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಡಿ. ಹದಿನೈದು ನಿಮಿಷ ಬರೆದುಕೊಂಡು ಬಂದವರು ಗಂಟೆ ಹೊಡೆದಾಗ ತಟ್ಟೆ ಹಿಡಿದು ನಿಂತಿದ್ದನ್ನು ನೋಡಿದ್ದೇನೆ.