ಪೆನ್‌ಡ್ರೈವ್ ತುಂಬಿದರೆ ಪೈಲಟ್ ಆಗುವುದಿಲ್ಲ

ದೀಪಾವಳಿಗೆ ಹರಪನಹಳ್ಳಿ ಸೀಮೆಯ ಚಿಗಟೇರಿಗೆ ಹೋಗಿದ್ದಾಗ ನಮ್ಮ ಸಂಬಂಧಿಕರ ಹುಡುಗನೊಬ್ಬ ಒಂದು ಪೆನ್‌ಡ್ರೈವ್ ತಂದು ನನ್ನ ಕೈಯಲ್ಲಿಟ್ಟ. ವಿಮಾನ ಕಂಪನಿಯೊಂದರಿಂದ ಅವನಿಗೆ ಆಯ್ಕೆ ಪತ್ರ ಬಂದಿತ್ತು. ಮನೆಯವರು ಆ ಪತ್ರವನ್ನು ನಾರದಮುನಿ ಗುಡಿಯಲ್ಲಿಟ್ಟು ಪೂಜೆ ಮಾಡಿಸಿಕೊಂಡು ಬಂದಿದ್ದರು. ತಿಂಗಳೊಪ್ಪತ್ತಿನಲ್ಲಿ ಟೈಪ್ ರೇಟಿಂಗ್, ಅಂದರೆ ಎ320 ವಿಮಾನವನ್ನೇ ಹಾರಿಸಲು ಕಲಿಸುವ ತರಬೇತಿ, ಶುರು. "ಇದ್ರಾಗ ಎಲ್ಲಾ ಐತಿ ಮಾಮ. ಐದು ಬ್ಯಾಚಿನ ಸೀನಿಯರ್‌ಗಳ ನೋಟ್ಸು, ಎರಡು ಸಾವಿರ ಪ್ರಶ್ನೆ, ಇನ್ನೂರು ವಿಡಿಯೊ. ಇದೊಂದು ಮುಗಿಸಿಬಿಟ್ರ ಟ್ರೈನಿಂಗ್ ಪಾಸಾದಂಗ" ಎಂದ. ಅದಕ್ಕೆ ಆರು ಸಾವಿರ ರೂಪಾಯಿ ಕೊಟ್ಟಿದ್ದ. ಕಂಪನಿಯೇ ಕೊಟ್ಟಿದ್ದ ಮ್ಯಾನ್ಯುಯಲ್‌ಗಳು ಅವನ ಟ್ಯಾಬ್‌ನಲ್ಲಿ ಒಂದು ಪುಟವೂ ತೆರೆಯದೆ ಬಿದ್ದಿದ್ದವು.

ನಾನು ಗ್ರೌಂಡ್ ಸ್ಕೂಲ್‌ನಲ್ಲಿ ಪಾಠ ಹೇಳುವವನು. ಪ್ರತಿ ಬ್ಯಾಚಿನಲ್ಲೂ ಈ ಪೆನ್‌ಡ್ರೈವ್ ನೋಡುತ್ತೇನೆ. ಪ್ರತಿ ಸಲವೂ ಸಿಟ್ಟು ಬರುತ್ತದೆ; ಹುಡುಗರ ಮೇಲಲ್ಲ, ಇದನ್ನು ಅವರ ತಲೆಗೆ ತುಂಬಿದವರ ಮೇಲೆ. ಪ್ರಶ್ನೆ ಬ್ಯಾಂಕ್ ಬಾಯಿಪಾಠ ಮಾಡಿದರೆ ಏರ್‌ಲೈನ್ ತರಬೇತಿ ದಾಟಬಹುದು ಎಂಬ ಈ ನಂಬಿಕೆಯಷ್ಟು ಗಟ್ಟಿಯಾಗಿ ಬೇರೂರಿದ ಸುಳ್ಳು ನಮ್ಮ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಡೆಸುವ ನ್ಯಾವಿಗೇಶನ್, ಹವಾಮಾನ, ನಿಯಮಗಳ ಪರೀಕ್ಷೆಗಳಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಪಾಸಾಗಲು ನೂರಕ್ಕೆ 70 ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಳೆಯ ಪ್ರಶ್ನೆಗಳನ್ನು ಉರು ಹೊಡೆದವರೂ ಅಲ್ಲಿ ದಡ ಸೇರಿದ್ದುಂಟು. ಪಿಯುಸಿಯಲ್ಲಿ ಗೆಸ್ ಪೇಪರ್ ನಂಬಿ ಗೆದ್ದ ಮಕ್ಕಳು ಅದೇ ದಾರಿ ಹಿಡಿದು ಲೈಸೆನ್ಸ್‌ವರೆಗೂ ಬಂದಿರುತ್ತಾರೆ. ಜಕ್ಕೂರಿನಲ್ಲೋ ಕಲಬುರಗಿಯಲ್ಲೋ 200 ಗಂಟೆ ಹಾರಾಟ ಮುಗಿಸಿ, ಹೊಲ ಅಡವಿಟ್ಟ ಅಪ್ಪನ ಸಾಲ ಬೆನ್ನಿಗೆ ಕಟ್ಟಿಕೊಂಡು ಏರ್‌ಲೈನ್ ಬಾಗಿಲಿಗೆ ಬಂದು ನಿಂತಾಗ ಅವರು ಹುಡುಕುವುದೂ ಮತ್ತೊಂದು ಗೆಸ್ ಪೇಪರನ್ನೇ.

ಆದರೆ ಸಿಮ್ಯುಲೇಟರ್ ಯಾರಿಗೂ ನಾಲ್ಕು ಉತ್ತರ ಕೊಡುವುದಿಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಟೇಕಾಫ್ ಆಗಿ ಅರೆ ನಿಮಿಷಕ್ಕೆ ಒಂದು ಇಂಜಿನ್ ನಿಲ್ಲುತ್ತದೆ. ಕಾಲು ರಡ್ಡರ್ ಒತ್ತಬೇಕು, ಬಾಯಿ ನಿಗದಿತ ಮಾತನ್ನೇ ಆಡಬೇಕು, ಕಣ್ಣು ಎದುರಿನ ಪರದೆಯ ಮೇಲಿನ ಸಾಲಿನಲ್ಲಿ ವಿಮಾನ ಯಾವ ಮೋಡ್‌ನಲ್ಲಿದೆ ಎಂದು ಓದಬೇಕು. ಪಕ್ಕದ ಸೀಟಿನವನು ಏನು ಮಾಡುತ್ತಿದ್ದಾನೆಂಬುದೂ ಗಮನದಲ್ಲಿರಬೇಕು. ಇಲ್ಲಿ ಬೇಕಾದದ್ದು ಗುರುತಿಸುವ ಜ್ಞಾನವಲ್ಲ, ಕರೆದಾಗ ಬರುವ ಜ್ಞಾನ. ಉತ್ತರ ಕಣ್ಣ ಮುಂದಿದ್ದಾಗ "ಹೌದು, ಇದು ನನಗೆ ಗೊತ್ತು" ಅನ್ನಿಸುವುದು ಒಂದು. ಎದುರಿಗೆ ಏನೂ ಇಲ್ಲದಾಗ ಅದು ಕೈಗೆ ಬರುವುದು ಇನ್ನೊಂದು. ಪ್ರಶ್ನೆ ಬ್ಯಾಂಕ್ ಮೊದಲನೆಯದನ್ನು ಬೆಳೆಸಿ, ಎರಡನೆಯದೂ ಬಂತೆಂಬ ಭ್ರಮೆ ಹುಟ್ಟಿಸುತ್ತದೆ.

ಈ ಅಂತರ ಎಷ್ಟು ದೊಡ್ಡದೆಂದು ನಮ್ಮ ಬೆಂಗಳೂರೇ ಕಂಡಿದೆ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಅದೂ ಎ320ಯೇ, ಆಗ ನಮ್ಮ ದೇಶಕ್ಕೆ ಹೊಚ್ಚ ಹೊಸದು. ಇಳಿಯುವಾಗ ವಿಮಾನ ಓಪನ್ ಡಿಸೆಂಟ್ ಎಂಬ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಇಂಜಿನ್ ಕನಿಷ್ಠ ಶಕ್ತಿಯಲ್ಲೇ ಉಳಿಯುತ್ತದೆ, ವೇಗ ಕಾಯಬೇಕಾದದ್ದು ಮೂಗನ್ನು ಇಳಿಸಿ ಏರಿಸಿ. ನೆಲ ಹತ್ತಿರವಿದ್ದಾಗ ಮೂಗು ಎತ್ತಿದರೆ ವೇಗ ಕರಗುತ್ತದೆ, ಹಾಗೆ ಮಲಗಿದ ಇಂಜಿನ್‌ಗೆ ಮತ್ತೆ ಪೂರ್ತಿ ಶಕ್ತಿ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ. ವಿಚಾರಣಾ ವರದಿಯನ್ನು ಓದಿದಾಗಲೆಲ್ಲ ನನ್ನನ್ನು ಒಂದೇ ಅಂಶ ಕಾಡುತ್ತದೆ. ಯಾವ ಮೋಡ್‌ನಲ್ಲಿದ್ದೇವೆಂಬುದು ಪೈಲಟ್‌ಗಳಿಗೆ ಗೊತ್ತಿತ್ತು. 400, 300, 200 ಅಡಿ ಎಂದು ಯಂತ್ರ ಕೂಗಿ ಹೇಳಿತ್ತು. ಆದರೂ ಪರಿಸ್ಥಿತಿಯ ಗಂಭೀರತೆ ಅರಿವಾಗಿ ಥ್ರಾಟಲ್ ಮುಂದಕ್ಕೆ ಹೋಗುವಷ್ಟರಲ್ಲಿ ತಡವಾಗಿತ್ತು.

ಅವರು ಅನುಭವಿಗಳು. ಅವರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನನಗಿಲ್ಲ. ಗೊತ್ತಿರುವುದಕ್ಕೂ ಕೈಯಿಂದ ಮಾಡುವುದಕ್ಕೂ ಅನುಭವಿಗಳಲ್ಲೇ ಅಷ್ಟು ದೂರವಿರುವಾಗ, ಹೊಸಬನ ಗತಿ ಏನು? ಆ ಹುಡುಗನ ಪೆನ್‌ಡ್ರೈವ್ ತೆರೆದು ಹುಡುಕಿದೆ. ಓಪನ್ ಡಿಸೆಂಟ್‌ನಲ್ಲಿ ಆಟೋಥ್ರಸ್ಟ್, ಅಂದರೆ ಇಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ, ಏನು ಮಾಡುತ್ತದೆ ಎಂಬ ಪ್ರಶ್ನೆ ಇತ್ತು. ಕೆಳಗೆ ಉತ್ತರ: ಸಿ. ಅಷ್ಟೇ. ಅವನನ್ನೇ ಕೇಳಿದೆ, "ಸಿ ಅಂದ್ರೆ ಏನಪ್ಪ?" ಇಂಜಿನ್ ಐಡಲ್ ಎಂದ. "ಸರಿ, ಮುನ್ನೂರು ಅಡಿಯಲ್ಲಿ ಅದು ಕಂಡರೆ ನಿನ್ನ ಕೈ ಎಲ್ಲಿಗೆ ಹೋಗುತ್ತೆ?" ಅವನು ಸುಮ್ಮನಾದ.

ಓದಿದ್ದನ್ನೇ ಮತ್ತೆ ಮತ್ತೆ ಓದುವುದು, ವಿಡಿಯೊ ಮತ್ತೆ ಮತ್ತೆ ನೋಡುವುದು ಏಕೆ ಮೋಸ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪ್ರಯೋಗವಿದೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಪುನಃ ಓದಿದರು. ಉಳಿದವರು ಹಾಳೆ ಮುಚ್ಚಿಟ್ಟು ನೆನಪಾದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಪುನಃ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಲೆಕೆಳಗು: ನೆನಪಿನಿಂದ ತೆಗೆದು ಬರೆದವರಲ್ಲೇ ಹೆಚ್ಚು ಉಳಿದಿತ್ತು. ಇನ್ನೂರು ವಿಡಿಯೊ ನೋಡಿದ ಹುಡುಗ ಆ ಐದು ನಿಮಿಷದ ವಿಶ್ವಾಸವನ್ನು ಹೊತ್ತುಕೊಂಡು ಸಿಮ್ಯುಲೇಟರ್ ಹತ್ತುತ್ತಾನೆ.

ಸೀನಿಯರ್ ನೋಟ್ಸ್‌ಗಳ ಅಪಾಯ ಬೇರೆ. ಎ320 ಎಂದು ಒಂದೇ ಹೆಸರಿದ್ದರೂ ರೆಕ್ಕೆಯಡಿ ಇರುವುದು ಒಂದೇ ಇಂಜಿನ್ ಅಲ್ಲ. ಹಳೆಯ ಎ320ಗಳಲ್ಲಿ ಸಿಎಫ್‌ಎಂ56 ಇದ್ದರೆ ಶಕ್ತಿಯನ್ನು ಎನ್‌1 ಎಂಬ ತಿರುಗುವೇಗದಲ್ಲಿ ಓದುತ್ತಾರೆ, ವಿ2500 ಇದ್ದರೆ ಇಪಿಆರ್ ಎಂಬ ಒತ್ತಡದ ಅನುಪಾತದಲ್ಲಿ. ನಿಯೋ ವಿಮಾನಗಳಲ್ಲಿ ಪ್ರಾಟ್ ಅಂಡ್ ವಿಟ್ನಿಯದೋ ಸಿಎಫ್‌ಎಂ ಲೀಪ್‌ದೋ ಇಂಜಿನ್. ಮಿತಿಗಳು, ಸ್ಟಾರ್ಟ್ ಮಾಡುವ ಕ್ರಮ, ಪೈಲಟ್‌ಗಳು ಒಬ್ಬರಿಗೊಬ್ಬರು ಕೂಗಿ ಹೇಳಬೇಕಾದ ಮಾತು, ಎಲ್ಲವೂ ವಿಮಾನದಿಂದ ವಿಮಾನಕ್ಕೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಮ್ಯಾನ್ಯುಯಲ್‌ಗಳಿಗೆ ಪರಿಷ್ಕರಣೆ ಬರುತ್ತಲೇ ಇರುತ್ತದೆ. ದಾರಿ ತೋರಿಸುವ ಚಾರ್ಟುಗಳಂತೂ 28 ದಿನಗಳ ಚಕ್ರದಲ್ಲಿ ಪರಿಷ್ಕಾರವಾಗುತ್ತವೆ. ಮೂರು ವರ್ಷದ ಹಿಂದೆ ಬೇರೆ ಕಂಪನಿಯಲ್ಲಿ ಯಾರೋ ಬರೆದುಕೊಂಡ ಹಾಳೆಯನ್ನು ನಂಬಿ ಕಲಿತವನು ಮೊದಲು ಕಲಿತದ್ದನ್ನು ಮರೆಯಬೇಕು, ಆಮೇಲೆ ಹೊಸದಾಗಿ ಕಲಿಯಬೇಕು. ಮರೆಯುವುದು ಕಲಿಯುವುದಕ್ಕಿಂತ ಕಷ್ಟ.

ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ನಮ್ಮ ಹರಪನಹಳ್ಳಿ ಸೀಮೆಯ ರೈತ ಮೆಕ್ಕೆಜೋಳದ ಬೀಜದ ಪ್ಯಾಕೆಟ್ ಕೊಳ್ಳುವಾಗ ತಿರುಗಿಸಿ ಲಾಟ್ ನಂಬರ್ ನೋಡುತ್ತಾನೆ, ಅವಧಿ ಮುಗಿಯುವ ದಿನ ನೋಡುತ್ತಾನೆ, ಬಿಲ್ ಕೇಳಿ ಇಸಿದುಕೊಳ್ಳುತ್ತಾನೆ. ಅದೇ ರೈತನ ಮಗ ವಾಟ್ಸಾಪ್‌ನಲ್ಲಿ ಬಂದ "ಪಕ್ಕಾ ಪಾಸ್" ಪೊಟ್ಟಣಕ್ಕೆ ದಿನಾಂಕ ಕೇಳುವುದಿಲ್ಲ, ಬರೆದವರು ಯಾರೆಂದು ಕೇಳುವುದಿಲ್ಲ, ಯಾವ ಇಂಜಿನ್ನಿನದೆಂದು ಕೇಳುವುದಿಲ್ಲ. ಹತ್ತು ಜನ ಕೊಂಡರೆಂದು ಹನ್ನೊಂದನೆಯವನು ಕೊಳ್ಳುತ್ತಾನೆ. ಮಾರುವವನು ಮಾರುತ್ತಲೇ ಇರುತ್ತಾನೆ. ಪೈಲಟ್ ಆಗುವವನಲ್ಲಿ ಇರಲೇಬೇಕಾದ ಮೊದಲ ಗುಣ ಕಂಡದ್ದನ್ನು ಸರಿನೋಡುವುದು. ಅದು ಪುಸ್ತಕ ಕೊಳ್ಳುವಾಗಲೇ ಇಲ್ಲದಿದ್ದರೆ ಕಾಕ್‌ಪಿಟ್‌ನಲ್ಲಿ ಎಲ್ಲಿಂದ ಬರಬೇಕು?

ಉಳಿದ ಕೆಲವು ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮನೆಯ ಕಂಪ್ಯೂಟರಿನ ವಿಮಾನದ ಆಟದಿಂದ ಸ್ವಿಚ್ಚುಗಳು ಎಲ್ಲಿವೆ ಎಂಬುದು ಪರಿಚಯವಾಗುತ್ತದೆ, ಕಂಪನಿಯ ಕ್ರಮ ಬರುವುದಿಲ್ಲ. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರಿಗೆ ಬೇರೆ ಸಾಮಗ್ರಿ ಬೇಕು ಎಂಬ ಮಾತನ್ನು 2008ರಲ್ಲೇ ಪಾಶ್ಲರ್ ಮತ್ತು ಸಂಗಡಿಗರು ಪರಿಶೀಲಿಸಿ, ಅದಕ್ಕೆ ತಕ್ಕ ಆಧಾರವಿಲ್ಲವೆಂದು ತೋರಿಸಿದ್ದಾರೆ. ಕನ್ನಡ ಮಾಧ್ಯಮದವರಿಗೆ ಇದು ಆಗದು ಎನ್ನುವುದೂ ಸುಳ್ಳು: ಬೇಕಾದದ್ದು ಸ್ಪಷ್ಟವಾದ, ನಿಗದಿತ ಇಂಗ್ಲಿಷ್, ಅದನ್ನು ಕಲಿಯಬಹುದು. ಕನ್ನಡಕ ಹಾಕಿದವರೂ ಹಾರಿಸುತ್ತಾರೆ.

ಹಾಗಾದರೆ ಏನು ಓದಬೇಕು ಎಂದು ಆ ಹುಡುಗ ಕೇಳಿದ, ಸ್ವಲ್ಪ ಕುಗ್ಗಿದ ದನಿಯಲ್ಲಿ. ಟ್ಯಾಬ್ ತೆಗೆಸಿದೆ. ವಿಮಾನದ ವ್ಯವಸ್ಥೆಗೆ ಎಫ್‌ಕಾಮ್, ಹಾರಿಸುವ ರೀತಿಗೆ ಎಫ್‌ಸಿಟಿಎಂ, ಕೆಟ್ಟಾಗ ಮಾಡುವುದಕ್ಕೆ ಕ್ಯೂಆರ್‌ಎಚ್. ಮೂರೂ ಅವನ ಕಂಪನಿಯವೇ, ಮೂರರ ಮೇಲೂ ಪರಿಷ್ಕರಣೆಯ ದಿನಾಂಕ ಇದೆ. ದಿನಕ್ಕೆ ಒಂದೇ ವ್ಯವಸ್ಥೆ. ಇವತ್ತು ಹೈಡ್ರಾಲಿಕ್ ಎಂದರೆ ಹೈಡ್ರಾಲಿಕ್ ಮಾತ್ರ. ಓದಿ ಮುಚ್ಚಿಟ್ಟು ಬಿಳಿ ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಅದರ ಚಿತ್ರ ಬರೆಯಬೇಕು: ಹಸಿರು, ನೀಲಿ, ಹಳದಿ, ಎ320ಯ ಮೂರು ಹೈಡ್ರಾಲಿಕ್ ಜಾಲಗಳ ಹೆಸರೂ ಅವೇ. ತಪ್ಪಿದ್ದನ್ನು ಮಾತ್ರ ಮತ್ತೆ ಓದಬೇಕು. ಫ್ಲ್ಯಾಶ್‌ಕಾರ್ಡ್ ಬೇಕೆಂದರೆ ತಾನೇ ಬರೆದುಕೊಳ್ಳಲಿ. ಬರೆಯುವ ಶ್ರಮದಲ್ಲೇ ಅರ್ಧ ಕಲಿಕೆ ಇದೆ, ಕೊಂಡ ಕಾರ್ಡಿನಲ್ಲಿ ಅದು ಬೇರೆಯವರ ಪಾಲಾಗಿರುತ್ತದೆ. ಪ್ರಶ್ನೆ ಬ್ಯಾಂಕನ್ನು ಸುಡಬೇಕಾಗಿಲ್ಲ. ಕೊನೆಯ ವಾರದಲ್ಲಿ, ನಾಲ್ಕು ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು, ಎಲ್ಲಿ ಸೋರುತ್ತಿದೆ ಎಂದು ನೋಡಲು ಅದನ್ನು ಬಳಸಬಹುದು.

ಕಾಸು ಕೊಟ್ಟು ಕೊಳ್ಳಬೇಕಾದದ್ದು ಒಂದೇ: ಕಾಕ್‌ಪಿಟ್‌ನ ದೊಡ್ಡ ಚಿತ್ರಪಟ. ಅದನ್ನು ದಾವಣಗೆರೆಯಿಂದ ಮುದ್ರಿಸಿ ತರಿಸಿ ನಡುಮನೆಯ ಗೋಡೆಗೆ ಅಂಟಿಸಿದೆವು. ಮುಂದೊಂದು ಕುರ್ಚಿ. ಕುರ್ಚಿಯಲ್ಲಿ ಕೂತು, ಸ್ವಿಚ್ಚಿರುವ ಜಾಗವನ್ನು ಬೆರಳಿಂದ ಮುಟ್ಟಿ, ಜೋರಾಗಿ ಹೇಳುತ್ತಾ ಇಡೀ ಕ್ರಮ ಮಾಡಬೇಕು. ನೆಲ ಅಡ್ಡ ಬಂತೆಂದು ಯಂತ್ರ "ಪುಲ್ ಅಪ್" ಎಂದು ಕೂಗಿದರೆ ಆಟೋಪೈಲಟ್ ಬಿಡುವುದು, ಮೂಗು ಎತ್ತುವುದು, ಪೂರ್ತಿ ಶಕ್ತಿ ಕೊಡುವುದು, ಸ್ಪೀಡ್‌ಬ್ರೇಕ್ ಒಳಗಿದೆಯೇ ನೋಡುವುದು, ರೆಕ್ಕೆ ಸಮ ಮಾಡುವುದು. ಪುಸ್ತಕ ತೆಗೆಯಲು ಆಗ ಹೊತ್ತಿರುವುದಿಲ್ಲ. ಮೊದಲ ದಿನ ಅವನಿಗೆ ನಾಚಿಕೆ, ಬಾಗಿಲಲ್ಲಿ ಓಣಿಯ ಮಕ್ಕಳು ನಿಂತು ನೋಡುತ್ತಿದ್ದವು. ಎರಡನೆಯ ದಿನ ಬಾಗಿಲು ತೆರೆದಿದ್ದರೂ ಅವನಿಗೆ ಅತ್ತ ಗಮನವಿರಲಿಲ್ಲ.

ಎದುರು ಕೂತು ಚೆಕ್‌ಲಿಸ್ಟ್ ಓದಲು ಒಬ್ಬರು ಬೇಕು. ಎರಡು ಪೈಲಟ್‌ಗಳ ಕೆಲಸವನ್ನು ಒಬ್ಬನೇ ಕಲಿಯಲಾಗದು. ಸಿಮ್ಯುಲೇಟರ್ ಜೊತೆಗಾರ ಯಾರೆಂದು ತಿಳಿಯುವವರೆಗೆ ಆ ಕೆಲಸವನ್ನು ಪಿಯುಸಿ ಓದುವ ಅವನ ತಂಗಿಗೆ ವಹಿಸಿ ಬೆಂಗಳೂರಿಗೆ ಬಂದೆ. ಮೊನ್ನೆ ಅವಳೇ ಫೋನ್ ಮಾಡಿದ್ದಳು. "ಮಾಮ, ಅಣ್ಣ ಇವತ್ತು ಮೂರು ಕಡಿ ತಪ್ಪಿದ. ಬಿಡಲಿಲ್ಲ, ಮತ್ತ ಮೊದಲಿಂದ ಮಾಡಿಸೀನಿ."