ಬಾಲ್ಕನ್ ನಕ್ಷೆಗೆ ಬಿ.ಸಿ.ರೋಡಿನ ಲೆಕ್ಕ

ಮ್ಯೂನಿಕ್‌ನಲ್ಲಿರುವ ಅಳಿಯ ಕಳೆದ ತಿಂಗಳು ಮೊಬೈಲಿಗೆ ಒಂದು ನಕ್ಷೆ ಕಳಿಸಿದ. ಬೈಕಿನಲ್ಲಿ ಬಾಲ್ಕನ್ ಸುತ್ತುವ ಯೋಜನೆ. ಸ್ಲೊವೇನಿಯಾ, ಕ್ರೊವೇಶಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ. ಹನ್ನೆರಡು ದಿನ, ಮೂರು ಸಾವಿರ ಕಿಲೋಮೀಟರ್. ಪ್ರತಿ ಘಾಟಿಗೂ ಒಂದು ಕೆಂಪು ಚುಕ್ಕೆ, ಅದರ ಪಕ್ಕ ಅಂಕಿ. ಸ್ಲೊವೇನಿಯಾದ ವ್ರ್ಶಿಚ್ ಘಾಟಿ: 1,611 ಮೀಟರ್ ಎತ್ತರ, 50 ಹೇರ್‌ಪಿನ್ ತಿರುವು. ಮಾಂಟೆನೆಗ್ರೊದ ಕೋಟೊರ್ ಘಾಟಿ: 25 ತಿರುವು.

"ಮಾವ, ನಿಮ್ಮ ಚಾರ್ಮಾಡಿಯಲ್ಲಿ ಎಷ್ಟು?" ಎಂದು ಕೇಳಿದ. ಹನ್ನೊಂದು ಎಂದೆ. ಆ ಕಡೆಯಿಂದ ನಗು ಕೇಳಿಸಿತು.

"ನಿಮ್ಮ ಚಾರ್ಮಾಡಿ" ಅಂತೆ! ಅವನು ಹುಟ್ಟಿದ್ದು ಬೆಳ್ತಂಗಡಿಯಲ್ಲಿ, ಹೈಸ್ಕೂಲು ಮುಗಿಸಿದ್ದು ಮೂಡುಬಿದಿರೆಯಲ್ಲಿ. ಆ ರಾತ್ರಿ ನಾನೂ ಪೆನ್ಸಿಲು ಹಿಡಿದು ಕುಳಿತೆ.

ನನ್ನ ದಾರಿ ಸಣ್ಣದು. ಬಿ.ಸಿ.ರೋಡಿನಿಂದ ಹೊರಟು ಬಂಟ್ವಾಳ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆ. ಅಲ್ಲಿಂದ ಬೆಳ್ತಂಗಡಿಗೆ ಒಂದು ಸುತ್ತು ಹೋಗಿ ಬಂದು ವೇಣೂರು, ಮೂಡುಬಿದಿರೆ. ಕೊನೆಗೆ ಸಿದ್ಧಕಟ್ಟೆ, ರಾಯಿ ಮೇಲಿಂದ ವಾಪಸ್ ಬಂಟ್ವಾಳ. ಮೂರು ತಾಲೂಕು, ಹೆಚ್ಚೂಕಡಿಮೆ ನೂರು ಕಿಲೋಮೀಟರ್. ಅಳಿಯನ ಮೊದಲ ದಿನದ ಮಧ್ಯಾಹ್ನದ ಊಟದೊಳಗೆ ಮುಗಿಯುವ ದೂರ. ತಿರುವು ಎಣಿಸಿದರೆ ನಾನು ಸೋತೆ, ಕಿಲೋಮೀಟರ್ ಎಣಿಸಿದರೂ ಸೋತೆ. ಹಾಗಾಗಿ ಬೇರೆ ಅಳತೆಗೋಲು ಹುಡುಕಿದೆ.

ಮೊದಲು ಮೆಟ್ಟಿಲು. ಕೋಟೊರ್ ಪಟ್ಟಣದ ಬೆನ್ನಿಗೆ ಬೆಟ್ಟದ ಮೇಲೊಂದು ಕೋಟೆಯಿದೆ, ಹತ್ತಲು 1,350 ಮೆಟ್ಟಿಲು. ಬೈಕ್ ಸವಾರರು ಅದನ್ನು ಹತ್ತಿ ಏದುಸಿರು ಬಿಡುವ ಫೋಟೊಗಳನ್ನು ಅವನೇ ಕಳಿಸಿದ್ದ. ಬೆಳ್ತಂಗಡಿಯ ಹತ್ತಿರ 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ, ನಾವು ಗಡಾಯಿಕಲ್ಲು ಎನ್ನುವ ಆ ಒಂಟಿ ಬಂಡೆ, ಅದರ ಮೆಟ್ಟಿಲು 1,876. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 86ನೇ ಮಹಡಿಗೆ ಓಡುವ ಪ್ರಸಿದ್ಧ ಸ್ಪರ್ಧೆಯಲ್ಲಿ ಹತ್ತಬೇಕಾದದ್ದು 1,576. ಅದನ್ನು ಮುಗಿಸಿದವನಿಗೂ ಗಡಾಯಿಕಲ್ಲಿನಲ್ಲಿ ಇನ್ನೂ ಮುನ್ನೂರು ಬಾಕಿ.

ಇನ್ನು ಮಳೆ. ನಕ್ಷೆಯಲ್ಲಿ ಕೋಟೊರ್ ಕೊಲ್ಲಿಯ ಮೇಲಿನ ಸ್ರ್ಕ್‌ವಿಸೆ ಎಂಬ ಹಳ್ಳಿಗೆ ಅಳಿಯ ಛತ್ರಿಯ ಗುರುತು ಹಾಕಿದ್ದ. ಯುರೋಪಿನ ಜನವಸತಿಗಳಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು ಅದು, ವರ್ಷಕ್ಕೆ ಸರಾಸರಿ 4,600 ಮಿಲಿಮೀಟರಿಗೂ ಮೇಲೆ. ಒಪ್ಪಿದೆ, ದೊಡ್ಡ ಮಳೆಯೇ. ಆದರೆ ಅದು ಒಂದು ಬೆಟ್ಟದ ಒಂದು ಹಳ್ಳಿಯ ಲೆಕ್ಕ. ನಮ್ಮಲ್ಲಿ ಇಡೀ ಜಿಲ್ಲೆಯ ಸರಾಸರಿಯೇ 4,000 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ದಕ್ಷಿಣ ಕನ್ನಡದ ವಿಸ್ತೀರ್ಣ 4,500 ಚದರ ಕಿಲೋಮೀಟರ್ ಎಂದು ಕಡಿಮೆಯಲ್ಲೇ ಹಿಡಿಯಿರಿ. ಅದರ ಮೇಲೆ ನಾಲ್ಕು ಮೀಟರ್ ನೀರು ಎಂದರೆ 18 ಘನ ಕಿಲೋಮೀಟರ್. ಪತ್ರಿಕೆಯ ಭಾಷೆಯಲ್ಲಿ ಹೇಳುವುದಾದರೆ 630 ಟಿಎಂಸಿಗೂ ಹೆಚ್ಚು. ಕೆಆರ್‌ಎಸ್ ಭರ್ತಿಯಾದರೆ 49.45 ಟಿಎಂಸಿ. ಅಂದರೆ ಒಂದು ವರ್ಷಕ್ಕೆ ಹನ್ನೆರಡಕ್ಕೂ ಹೆಚ್ಚು ಕನ್ನಂಬಾಡಿ ಈ ಚಿಕ್ಕ ಜಿಲ್ಲೆಯ ಮೇಲೆ ಸುರಿಯುತ್ತದೆ! ಅದಕ್ಕೇ ಬಂಟ್ವಾಳ ಪೇಟೆಯಲ್ಲಿ ನೇತ್ರಾವತಿಯ ನೆರೆಯ ಮಾತು ಬಂದರೆ ಹಿರಿಯರು 1923, 1974 ಎಂದು ಇಸವಿಯಿಂದಲೇ ಶುರುಮಾಡುತ್ತಾರೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಚಾರ್ಮಾಡಿ ತಿಂಗಳುಗಟ್ಟಲೆ ಮುಚ್ಚಿತ್ತು. ಹನ್ನೊಂದೇ ತಿರುವು, ನಿಜ.

ನಾಲ್ಕು ಮೀಟರ್ ಎಂದರೆ ಹದಿಮೂರು ಅಡಿ. ಇಲ್ಲಿ ನನ್ನ ಪೆನ್ಸಿಲು ಸ್ವಲ್ಪ ಹೊತ್ತು ನಿಂತಿತು. ಧರ್ಮಸ್ಥಳದ ಗೊಮ್ಮಟ 39 ಅಡಿ. ಮೂರು ವರ್ಷದ ಮಳೆ ಹರಿಯದೆ, ಇಂಗದೆ ನಿಂತರೆ ಸರಿಯಾಗಿ ಬಾಹುಬಲಿಯ ನೆತ್ತಿಗೆ ಮುಟ್ಟುತ್ತದೆ. ವೇಣೂರಿನವನು 35 ಅಡಿ, ಮೂರು ವರ್ಷ ತುಂಬುವ ಮೊದಲೇ ಮುಳುಗುತ್ತಾನೆ. ನೆರೆಯ ಕಾರ್ಕಳದವನು 42 ಅಡಿ, ಇನ್ನೊಂದು ಆಟಿ ತಿಂಗಳ ಮಳೆ ಬೇಕು.

ಈ ಮೂವರನ್ನು ಒಂದೇ ದಿನ ಬೈಕಿನಲ್ಲಿ ನೋಡಿ ಬರಬಹುದು. ಕಾರ್ಕಳದಲ್ಲಿ ಪ್ರತಿಷ್ಠೆಯಾದದ್ದು 1432ರಲ್ಲಿ, ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ, ಧರ್ಮಸ್ಥಳದಲ್ಲಿ 1982ರಲ್ಲಿ. ಮೊದಲಿನದಕ್ಕೂ ಕೊನೆಯದಕ್ಕೂ ನಡುವೆ 550 ವರ್ಷ. ಧರ್ಮಸ್ಥಳದ್ದನ್ನು ಕೆತ್ತಿದ್ದು ಧರ್ಮಸ್ಥಳದಲ್ಲಲ್ಲ, ಕಾರ್ಕಳದಲ್ಲಿ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ. ತೂಕ ಸುಮಾರು 170 ಟನ್. ಅದನ್ನು ಹತ್ತಾರು ಚಕ್ರದ ಟ್ರಾಲಿಯ ಮೇಲೆ ಮಲಗಿಸಿ 1970ರ ದಶಕದ ನಮ್ಮ ರಸ್ತೆಗಳಲ್ಲಿ ಎಳೆದು ತಂದರು. ಆಗಿನ ರಸ್ತೆ ಎಂದರೆ ಈಗಿನ ರಸ್ತೆಯಲ್ಲ ಎಂಬುದನ್ನು ನೆನಪಿಡಿ. ಅಳಿಯನಿಗೆ ಅರ್ಥವಾಗಲಿ ಎಂದು ಬುಲೆಟ್ಟಿನಲ್ಲಿ ಲೆಕ್ಕ ಹಾಕಿದೆ. ಒಂದಕ್ಕೆ 195 ಕೆ.ಜಿ. ಹಿಡಿದರೆ ಸುಮಾರು 870 ಬುಲೆಟ್. ಒಂದರ ಹಿಂದೆ ಒಂದು ತಾಗಿಸಿ ನಿಲ್ಲಿಸಿದರೆ ಸಾಲು ಎರಡು ಕಿಲೋಮೀಟರಿನ ಹತ್ತಿರ ಹೋಗುತ್ತದೆ. ಬೈಕಿನವರ ರ‍್ಯಾಲಿ ಎಂದರೆ ಅದು.

ಮೂಡುಬಿದಿರೆಗೆ ಬಂದರೆ ಸವಾರರೆಲ್ಲ ಸಾವಿರ ಕಂಬದ ಬಸದಿಯ ಮುಂದೆ ಫೋಟೊ ಹೊಡೆದು ಹೊರಟುಬಿಡುತ್ತಾರೆ. 1430ರ ಕಟ್ಟಡ, ಒಂದು ಕಂಬದಂತೆ ಇನ್ನೊಂದಿಲ್ಲ ಎಂಬ ಮಾತಿದೆ, ಫೋಟೊ ಹೊಡೆಯಬೇಕಾದ್ದೇ. ಆದರೆ ಊರಿನ ನಿಜವಾದ ಭಾರ ಇರುವುದು ತಾಳೆಗರಿಯಲ್ಲಿ. ಕ್ರಿ.ಶ. 816ರಲ್ಲಿ ವೀರಸೇನಾಚಾರ್ಯರು ಮುಗಿಸಿದ 'ಧವಳಾ' ಎಂಬ ಜೈನ ಟೀಕಾಗ್ರಂಥ ಉಳಿದು ಬಂದದ್ದು ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಅದರ ಗಾತ್ರ 72,000 ಶ್ಲೋಕ ಪ್ರಮಾಣ. ಗದ್ಯವಾದರೂ 32 ಅಕ್ಷರಕ್ಕೊಂದು ಶ್ಲೋಕ ಎಂದು ಅಳೆಯುವುದು ಹಿಂದಿನವರ ಪದ್ಧತಿ. ಗುಣಿಸಿ ನೋಡಿ, 23 ಲಕ್ಷ ಅಕ್ಷರ. ಜೊತೆಗಿರುವ 'ಜಯಧವಳಾ' ಇನ್ನೂ 60,000. ನಿಮಿಷಕ್ಕೊಂದು ಶ್ಲೋಕದಂತೆ ದಿನಕ್ಕೆ ಎಂಟು ಗಂಟೆ ಓದಿದರೂ ಧವಳಾ ಒಂದಕ್ಕೇ 150 ದಿನ ಬೇಕು. ಅಳಿಯನ ಬಾಲ್ಕನ್ ಪ್ರವಾಸ ಹನ್ನೆರಡು ಬಾರಿ ಮುಗಿದಿರುತ್ತದೆ.

ಅವನ ನಕ್ಷೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ವ್ರ್ಶಿಚ್‌ನ ರಸ್ತೆಯನ್ನು 1915–16ರಲ್ಲಿ ಕಡಿದವರು ರಷ್ಯಾದ ಯುದ್ಧಕೈದಿಗಳು. ಹಿಮ ಜಾರಿ ನೂರಾರು ಮಂದಿ ಅಲ್ಲೇ ಸತ್ತರು. ಅವರ ನೆನಪಿನ ಮರದ ಪ್ರಾರ್ಥನಾಮಂದಿರ ದಾರಿಯಲ್ಲೇ ಇದೆ, ಅಲ್ಲಿ ಬೈಕ್ ನಿಲ್ಲಿಸು ಎಂದು ಹೇಳಿದ್ದೇನೆ. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಮಾಂಟೆನೆಗ್ರೊ ನಮ್ಮ ಜಿಲ್ಲೆಯ ಮೂರರಷ್ಟು ದೊಡ್ಡದು, ಜನಸಂಖ್ಯೆ ಆರು ಲಕ್ಷ ಚಿಲ್ಲರೆ. ನಮ್ಮದು 2011ರ ಜನಗಣತಿಯಲ್ಲೇ 20.89 ಲಕ್ಷ. ಖಾಲಿ ರಸ್ತೆಯ ಸುಖ ಅಲ್ಲಿ ಸಿಗುತ್ತದೆ, ಬಿ.ಸಿ.ರೋಡಿನಲ್ಲಿ ಸಿಗುವುದಿಲ್ಲ.

ಲೆಕ್ಕವನ್ನೆಲ್ಲ ಬರೆದು ಕಳಿಸಿದೆ. ಎರಡು ದಿನ ಸುಮ್ಮನಿದ್ದು, "ಮಾವ, ಡಿಸೆಂಬರಿಗೆ ಬರುತ್ತೇನೆ, ನಿಮ್ಮ ಬೈಕ್ ಸರ್ವಿಸ್ ಮಾಡಿಸಿಡಿ" ಎಂದು ಬರೆದ. ನೀವೂ ಹೊರಡುವುದಾದರೆ ಮಳೆ ಬಿಟ್ಟ ಮೇಲೆ ಹೊರಡಿ. ಘಾಟಿ ಹತ್ತುವ ಮೊದಲು ಚಾರ್ಮಾಡಿ ತೆರೆದಿದೆಯೇ ಎಂದು ಉಜಿರೆಯಲ್ಲಿ ವಿಚಾರಿಸಿ. ಗಡಾಯಿಕಲ್ಲಿಗೆ ಬೆಳಿಗ್ಗೆಯೇ ಹೋಗಿ, ಕುಡಿಯುವ ನೀರನ್ನು ಬುಡದಿಂದಲೇ ಹೊತ್ತು ಹತ್ತಿ.